ಮಾವು ಒಂದು, ಹಲಸು ಎರಡು

ರಸ್ತೆ ಅಗಲ ಮಾಡುವುದಕ್ಕೆ ಮುಂಚೆ, ಕಡಿಯಬೇಕಾದ ಮರಗಳದೊಂದು ಪಟ್ಟಿ ತಯಾರಾಗುತ್ತದೆ. ವಾಚಕರಲ್ಲಿ ಎಷ್ಟು ಮಂದಿ ಅಂಥ ಪಟ್ಟಿಯನ್ನು ನೋಡಿರುವಿರೋ ನಾನರಿಯೆ. ನೋಡಿಲ್ಲದಿದ್ದರೆ ಒಮ್ಮೆ ನೋಡತಕ್ಕದ್ದು. ಅಷ್ಟು ನಿರ್ವಿಕಾರವಾದ ಬರವಣಿಗೆ ಸರಕಾರೀ ಕಡತಗಳಲ್ಲಿಯೂ ಅಪರೂಪ. ಮರದ ಜಾತಿ, ಬುಡದ ಸುತ್ತಳತೆ, ನಾಟಾ ಎಷ್ಟು, ಸೌದೆ ಎಷ್ಟು, ಇಷ್ಟೇ. ಮಾವು ಒಂದು, ಹಲಸು ಎರಡು, ಧೂಪ ಒಂದು. ಯಾವ ಮಾವು, ಎಂಥ ಹಲಸು ಎಂದು ಕೇಳುವ ಕಾಲಮು ಅದರಲ್ಲಿಲ್ಲ. ಪಟ್ಟಿ ಬರೆದ ಗುಮಾಸ್ತರನ್ನು ನಾನು ದೂರುವುದಿಲ್ಲ. ಹೇಳಿದ ಕೆಲಸವನ್ನು ಅವರು ಮಾಡಿದರು. ನನ್ನ ಜಗಳವಿರುವುದು ಆ ಪಟ್ಟಿಯನ್ನು ಓದಿ ಸರಿಯಾಗಿದೆಯೆಂದು ತಲೆದೂಗುವ ನಮ್ಮೊಡನೆ.

ಕುಂದಾಪುರದಿಂದ ದಕ್ಷಿಣಕ್ಕೆ ಬ್ರಹ್ಮಾವರವನ್ನು ಹಾದು ಸುರತ್ಕಲ್ಲಿನ ತನಕ, ಉತ್ತರಕ್ಕೆ ಬೈಂದೂರು ಶಿರೂರುಗಳನ್ನು ದಾಟಿ ಗೋವೆಯ ಗಡಿಯ ತನಕ, ಹಿಂದಿನ 17ನೇ ನಂಬರಿನ, ಈಗಿನ 66ನೇ ನಂಬರಿನ ಹೆದ್ದಾರಿ 2010ರಿಂದ ಈಚೆಗೆ ನಾಲ್ಕು ಪಥಗಳದ್ದಾಯಿತು. ರಸ್ತೆ ಬೇಡವಿತ್ತೆಂದು ಹೇಳುವ ಪೈಕಿ ನಾನಲ್ಲ. ಮಳೆಗಾಲದಲ್ಲಿ ಆ ಹಳೆಯ ರಸ್ತೆಯ ಮೇಲೆ ಬಸ್ಸಿನಲ್ಲಿ ಕುಳಿತವನು ಅಂಥ ಮಾತನ್ನು ಆಡಲಾರ. ಆದರೆ ರಸ್ತೆಯ ಇಕ್ಕೆಲಗಳಲ್ಲಿದ್ದ ಮರಗಳು ಹೋದಾಗ ಹೋದದ್ದು ನೆರಳು ಮಾತ್ರವೆಂದು ನಾವು ತಿಳಿದೆವಲ್ಲ, ಆ ತಿಳಿವಳಿಕೆಯ ಮೇಲೆ ನನಗೆ ಸಿಟ್ಟು. ನೆರಳನ್ನು ಇನ್ನೊಂದು ಮರವೂ ಕೊಟ್ಟೀತು. ಪೆಲ್ಟೊಫೋರಮ್ ಕೊಟ್ಟೀತು, ಮಳೆಮರ ಕೊಟ್ಟೀತು, ತಗಡಿನ ಚಪ್ಪರವೂ ಕೊಟ್ಟೀತು. ಒಂದು ಮಾವಿನ ಮರ ಕೊಡುತ್ತಿದ್ದ ಮಿಡಿಯನ್ನು ಇನ್ನೊಂದು ಮಾವಿನ ಮರ ಕೊಡಲಾರದು.

ಇದು ಭಾವುಕತೆಯ ಮಾತಲ್ಲ, ಸಸ್ಯಶಾಸ್ತ್ರದ್ದು. ನಮ್ಮ ಮೂರು ತಾಲೂಕುಗಳ ಹಾಡಿ, ಹಿತ್ತಿಲು, ಕುಮ್ಕಿ, ಗದ್ದೆಯಂಚುಗಳಲ್ಲಿ ನಿಂತಿರುವ ಹಳೆಯ ಮಾವು ಹಲಸುಗಳೆಲ್ಲ ಬಹುಮಟ್ಟಿಗೆ ಬೀಜದಿಂದ ಎದ್ದವು. ಯಾರೋ ತಿಂದು ಎಸೆದ ಗೊರಟಿನಿಂದಲೋ, ದನ ತಿಂದು ಹಾಕಿದ ಬೀಜದಿಂದಲೋ ಹುಟ್ಟಿದವು. ಹಲಸಿನಲ್ಲಿ ಹೂವಿನ ಹುಡಿ ಬೇರೆ ಮರದಿಂದ ಬರುವುದೇ ರೂಢಿಯಾದ್ದರಿಂದ ಬೀಜ ಹಾಕಿದರೆ ತಾಯಿಯ ಗುಣ ಬಂದೇ ಬರುತ್ತದೆಂಬ ಭರವಸೆಯಿಲ್ಲ. ಜೇನಿನಂಥ ಬಕ್ಕೆಯ ಬೀಜ ನೆಟ್ಟು ಹದಿನೈದು ವರ್ಷ ಕಾದ ಮೇಲೆ ಬಾಯಿಗಿಡಲಾರದ ತುಳುವೆ ಬಂದದ್ದುಂಟು. ಮಾವಿನಲ್ಲಿ ಪಶ್ಚಿಮ ಕರಾವಳಿಯ ಕೆಲವು ಜಾತಿಗಳದ್ದು ಒಂದು ವಿಶೇಷ: ಒಂದೇ ಗೊರಟಿನಿಂದ ಹಲವು ಮೊಳಕೆಗಳೆದ್ದು ಅವುಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚಾಗಿರುತ್ತವೆ. ಉಳಿದ ಮಾವುಗಳಿಗೆ ಆ ಭಾಗ್ಯವಿಲ್ಲ. ಆದುದರಿಂದ ಹಿತ್ತಿಲಿನ ಒಂದು ಮರವೆಂದರೆ ಒಂದು ತಳಿ. ಆ ಮರ ಬಿದ್ದರೆ ಆ ತಳಿ ಲೋಕದಲ್ಲಿಯೇ ಇಲ್ಲ. ಹುಲಿ ಒಂದು ಸತ್ತರೆ ಪತ್ರಿಕೆಯಲ್ಲಿ ನಾಲ್ಕು ಕಾಲಮು ಸುದ್ದಿ. ಹುಲಿಗಾದರೆ ಕಾಡಿನಲ್ಲಿ ಇನ್ನೊಂದು ಹುಲಿಯಿರುತ್ತದೆ.

ಹೆಸರುಗಳ ಕಡೆಗೆ ಬರೋಣ. ಘಟ್ಟದ ಮೇಲಿನವರು ಈ ವಿಷಯದಲ್ಲಿ ನಮಗಿಂತ ಜಾಣರಾದರು. ಸಾಗರ, ಸಿರ್ಸಿ, ಹೊಸನಗರಗಳ ಕಡೆ ಅಪ್ಪೆಮಿಡಿಗೆ ಅನಂತಭಟ್ಟನ ಅಪ್ಪೆ, ಮಾಳಂಜಿ, ದೊಂಬೆಸರದ ಜೀರಿಗೆ ಎಂದೆಲ್ಲ ಹೆಸರುಗಳುಂಟು. ಒಂದು ಹೆಸರಿನಲ್ಲಿ ಮನುಷ್ಯನಿದ್ದಾನೆ, ಇನ್ನೊಂದರಲ್ಲಿ ಊರಿದೆ, ಮತ್ತೊಂದರಲ್ಲಿ ಸೊನೆಯ ಪರಿಮಳವಿದೆ. ಹೆಸರಿದ್ದುದರಿಂದ ಜನ ಹುಡುಕಿಕೊಂಡು ಹೋದರು. ಹುಡುಕಿಕೊಂಡು ಹೋದುದರಿಂದ ಕಸಿ ಕಟ್ಟಿದರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಿಡಿಮಾವುಗಳನ್ನು ಕಲೆಹಾಕಿ ತಮ್ಮ ತೋಪಿನಲ್ಲಿ ನೆಟ್ಟರು. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ನಮಗೆ ಹತ್ತಿರದ ಅಂಕೋಲೆಯವರು ಸಿಪ್ಪೆ ತೆಳ್ಳಗಾಗಿ ದೂರ ಪ್ರಯಾಣಕ್ಕೆ ಬಾರದ ತಮ್ಮ ಕರಿ ಈಶಾಡು ಮಾವಿಗಾಗಿ ರೈತರ ಕಂಪೆನಿ ಕಟ್ಟಿ ಹೋರಾಡಿ 2023ರಲ್ಲಿ ಅದೇ ಮಾನ್ಯತೆ ಪಡೆದರು. ಉಡುಪಿಯ ಕಡೆಗೆ ಮಟ್ಟುಗುಳ್ಳಕ್ಕೆ ಬಂತು, ಮಲ್ಲಿಗೆಗೆ ಬಂತು. ಗುಳ್ಳವೂ ಮಲ್ಲಿಗೆಯೂ ವರ್ಷ ವರ್ಷ ಕೈಗೆ ಕಾಸು ತರುವ ಬೆಳೆ. ಅವುಗಳ ಪರವಾಗಿ ಮಾತಾಡುವವರಿದ್ದರು. ವಾರಾಹಿ, ಸೌಪರ್ಣಿಕಾ, ಸೀತಾ ನದಿಗಳ ದಡದಲ್ಲಿ ನಿಂತಿದ್ದ ಮಿಡಿಮಾವಿನ ಪರವಾಗಿ ಮಾತಾಡುವವರು ಯಾರು?

ನಮ್ಮಲ್ಲಿ ಹೆಸರುಗಳು ಇರಲಿಲ್ಲವೆಂದಲ್ಲ. ಮನೆ ಮನೆಗೆ ಒಂದೊಂದು ನಿಘಂಟಿತ್ತು. ಬ್ರಹ್ಮಾವರದಿಂದ ಮಂದಾರ್ತಿಯ ಕಡೆ ಹೋಗುವಾಗ ಸಿಗುವ ಒಂದು ಮನೆಯಲ್ಲಿ ವೃದ್ಧೆಯೊಬ್ಬರು ಹಿಂದೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಏಳು ಮಾವಿನ ಮರಗಳನ್ನು ಒಂದೊಂದಾಗಿ ತೋರಿಸಿದ್ದರು, ನೆಂಟರನ್ನು ಪರಿಚಯ ಮಾಡಿಸುವ ಹಾಗೆ. “ಇದ್ ಬರೀ ಮಾಯಿನ್ ಮರ ಅಲ್ಲ ಮಗಾ, ಇದ್ ಕರ್ಪೂರ,” ಎಂದು ಮಿಡಿಯ ತೊಟ್ಟು ಮುರಿದು ನನ್ನ ಮೂಗಿಗೆ ಹಿಡಿದರು. ಕರ್ಪೂರವೇ ಸರಿ. ಪಕ್ಕದ್ದು ಬಾವಿಕಟ್ಟೆಯ ಮರ. ಅದರ ಕಾಯಿ ಉಪ್ಪುನೀರಿನಲ್ಲಿ ಎರಡು ಮಳೆಗಾಲ ಕಳೆದರೂ ಮೆತ್ತಗಾಗದು. ಅದರಾಚೆಯದು ಸಕ್ಕರೆಮಾವು, ಮಕ್ಕಳಿಗೆ ಮೀಸಲು. ಗದ್ದೆಯಂಚಿನದು ಸಾಸಿವೆಗೆ, ಅದರ ಹಣ್ಣಿನಲ್ಲಿ ನಾರು ಹೆಚ್ಚು, ಆದರೆ ಬೆಲ್ಲ ಹಾಕುವುದು ಬೇಡ. ಮಾಂಬಳಕ್ಕೆ ಇನ್ನೊಂದು. ಯಾವ ಮರದ ಮಿಡಿಯನ್ನು ಯಾವ ವಾರ ಕೊಯ್ಯಬೇಕು, ಕೊಯ್ದದ್ದನ್ನು ನೆಲಕ್ಕೆ ಬೀಳಗೊಡದೆ ಹೇಗೆ ಇಳಿಸಬೇಕು, ಭರಣಿಯಲ್ಲಿ ಉಪ್ಪಿನ ಲೆಕ್ಕವೇನು—ಇವೆಲ್ಲ ಆಕೆಯ ತಲೆಯಲ್ಲಿದ್ದುವು, ಕಾಗದದ ಮೇಲೆ ಒಂದಕ್ಷರವಿಲ್ಲ. ಆಕೆ ತೀರಿಕೊಂಡರು. ಮಕ್ಕಳು ದೂರದ ಪಟ್ಟಣಗಳಲ್ಲಿ ಒಳ್ಳೆಯ ಸ್ಥಿತಿಯಲ್ಲಿದ್ದಾರೆ. ಮನೆಗೆ ಬೀಗ ಬಿತ್ತು. ಮರ ಮಾಡಿನ ಮೇಲೆ ಬಿದ್ದೀತೆಂಬ ಹೆದರಿಕೆಯೋ, ಬೇಲಿಗೆ ಖರ್ಚಿತ್ತೋ, ಅಂತೂ ದೂರವಾಣಿಯಲ್ಲಿಯೇ ದಲ್ಲಾಳಿಯೊಡನೆ ವ್ಯಾಪಾರ ಕುದುರಿತು. ದಲ್ಲಾಳಿ ಬಂದು ಎಣಿಸಿದ: ಮಾವು ಏಳು. ಸರಕಾರದ ಪಟ್ಟಿಯಲ್ಲಿದ್ದ ಭಾಷೆಯೇ ಮನೆಯವರ ಬಾಯಿಗೂ ಬಂದಿತ್ತು. ಕರ್ಪೂರ ಪ್ಯಾಕಿಂಗ್ ಪೆಟ್ಟಿಗೆಯಾಗಿ ಹೋಯಿತು.

ಮರ ಕಡಿಯುವವನಿಗೆ ಹೆಸರು ಗೊತ್ತಿಲ್ಲದಿರುವುದು ಸಹಜ. ಮಾರುವವನಿಗೆ ಗೊತ್ತಿಲ್ಲದಿರುವುದು ಹೊಸ ಕಾಲದ ಸಂಗತಿ. ಹೆಸರಿರುವ ಮರವನ್ನು ಮಾರಲು ನಾಲಗೆ ತಡವರಿಸುತ್ತದೆ. ಬರೀ ‘ಮಾವಿನ ಮರ’ವನ್ನು ಮಾರುವುದಕ್ಕೆ ಏನು ಕಷ್ಟ?

ಇಲ್ಲಿ ನಮ್ಮ ವ್ಯವಹಾರಜ್ಞರು ಎದ್ದು ನಿಲ್ಲುತ್ತಾರೆ. ಎಪ್ಪತ್ತಡಿ ಎತ್ತರದ ಮರ, ಹತ್ತುವವರಿಲ್ಲ, ದೋಟಿಗೆ ಎಟಕದು, ಒಂದು ವರ್ಷ ಬಿಟ್ಟು ಒಂದು ವರ್ಷ ಫಲ, ಬಂದದ್ದು ಮಂಗಗಳ ಪಾಲು. ಕಸಿಗಿಡವಾದರೆ ನಾಲ್ಕೈದು ವರ್ಷಕ್ಕೆ ಕೈಗೆಟಕುವ ಹಣ್ಣು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಮಂಗಗಳ ವಿಚಾರದಲ್ಲಂತೂ ಅವರೊಡನೆ ನನಗೆ ಪೂರ್ಣ ಸಹಮತವಿದೆ. ವಂಡ್ಸೆ, ಕೊಲ್ಲೂರುಗಳ ಕಡೆ ಕೃಷಿ ಮಾಡುವವನಿಗೆ ರಾಮಾಯಣವನ್ನು ಓದುವ ಉತ್ಸಾಹ ಉಳಿದಿರುವುದೇ ಹೆಚ್ಚು. ಆದರೆ ಸ್ವಾಮೀ, ಆ ಕಸಿಗಿಡದ ಕಡ್ಡಿ ಎಲ್ಲಿಂದ ಬಂತು? ಉತ್ತರಪ್ರದೇಶದ ದಶೇರಿ ಮಾವನ್ನು ದೇಶವೆಲ್ಲ ತಿನ್ನುತ್ತದೆ. ಅದರ ತಾಯಿಮರ ಲಕ್ನೋವಿನ ಬಳಿ ಕಾಕೋರಿಯ ಹತ್ತಿರದ ದಶೇರಿ ಎಂಬ ಹಳ್ಳಿಯಲ್ಲಿ ಇಂದಿಗೂ ನಿಂತಿದೆ. ಅದೂ ಬೀಜದಿಂದ ತಾನಾಗಿ ಎದ್ದ ಒಂದು ಮರವೇ. ಯಾರೋ ಅದರ ಕೆಳಗೆ ನಿಂತು ಹಣ್ಣು ತಿಂದು, ಇದು ಬೇರೆ, ಇದಕ್ಕೊಂದು ಹೆಸರಿರಲಿ ಎಂದುಕೊಂಡರು. ಅಂದು ಅಲ್ಲಿ ‘ಮಾವು ಒಂದು’ ಎಂದು ಬರೆದುಕೊಂಡು ಕೊಡಲಿ ಎತ್ತಿದ್ದರೆ ಇಂದು ಈ ವ್ಯವಹಾರಜ್ಞರು ನರ್ಸರಿಯಲ್ಲಿ ಏನನ್ನು ಕೊಂಡುಕೊಳ್ಳುತ್ತಿದ್ದರು? ನಮ್ಮ ಮಂಗಳೂರಿನ ಕಡೆಯ ಮುಂಡಪ್ಪನ ಕತೆಯೂ ಬೇರೆಯಲ್ಲ.

ಹಣದ ಮಾತೇ ಬೇಕಾದರೆ ತುಮಕೂರು ಜಿಲ್ಲೆಯ ಚೇಳೂರಿಗೆ ಹೋಗಿ ಬರಬಹುದು. ಅಲ್ಲಿಯ ಒಂದು ಮನೆಯ ಹಲಸಿನ ಮರದ ಹಣ್ಣು ಚಿಕ್ಕದು, ಸೊಳೆ ತಾಮ್ರದ ಬಣ್ಣದ್ದು. ಹೆಸರಘಟ್ಟದ ಸಂಸ್ಥೆ 2017ರಲ್ಲಿ ಆ ಮನೆಯವರೊಡನೆ ಕರಾರು ಮಾಡಿಕೊಂಡು, ಮನೆಯ ಹಿರಿಯರ ನೆನಪಿಗೆ ‘ಸಿದ್ದು’ ಎಂದು ತಳಿಗೆ ಹೆಸರಿಟ್ಟು ಕಸಿಗಿಡಗಳನ್ನು ಹಂಚಿತು. ಆದಾಯದ ಮುಕ್ಕಾಲು ಪಾಲು ಮರದ ಒಡೆಯರಿಗೆ. ನೆರೆಯ ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಪುತ್ತೂರಿನ ‘ಅಡಿಕೆ ಪತ್ರಿಕೆ’ಯೂ ಅದರ ಶ್ರೀಪಡ್ರೆಯವರೂ ಹಲಸಿನ ಮಾನ ಉಳಿಸಲು ವರ್ಷಗಟ್ಟಲೆ ಬರೆದರು. ಇಷ್ಟೆಲ್ಲ ನಮ್ಮ ಸುತ್ತಮುತ್ತ ನಡೆಯುತ್ತಿರುವಾಗ ಕುಂದಾಪುರ ಸೀಮೆಯ ಹಲಸಿಗೆ ಸಿಕ್ಕ ಮರ್ಯಾದೆ ಯಾವುದು? ಮಳೆ ಹಿಡಿದ ಮೇಲೆ ಅಂಗಳದಲ್ಲಿ ಕೊಳೆತು ನೊಣ ಮುತ್ತುತ್ತದೆಂಬ ದೂರು. ಮದ್ದಳೆಯ ಒಡಲು ಹಲಸಿನದು, ನಮ್ಮ ಹಳೆಯ ಮನೆಗಳ ಬಾಗಿಲು ಹಲಸಿನದು. ಯಕ್ಷಗಾನವನ್ನು ಕೊಂಡಾಡುವವರಿಗೂ ಮನೆಯ ಹಿಂದಿನ ಮರ ಕಾಣಿಸುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ನಮ್ಮಲ್ಲಿ ಹೆಣ ಸುಡುವುದಕ್ಕೆ ಮಾವಿನ ಮರ ಕಡಿಯುವುದು ಹಿಂದಿನಿಂದ ಬಂದ ರೂಢಿ. ನಮ್ಮ ಹಿರಿಯರೇ ಕಡಿದರಲ್ಲ, ನೀವು ಯಾರು ಬೇಡವೆನ್ನಲು ಎಂದು ಕೇಳುತ್ತಾರೆ. ಹಿರಿಯರು ಕಡಿದರು, ನಿಜ. ಹಿತ್ತಿಲಿನಲ್ಲಿ ಹತ್ತಿಪ್ಪತ್ತು ಮರಗಳಿದ್ದಾಗ ಕಡಿದರು. ಅವುಗಳಲ್ಲಿ ಯಾವುದನ್ನು ಕಡಿಯಬಹುದು, ಯಾವುದನ್ನು ಮುಟ್ಟಬಾರದು ಎಂದು ತಿಳಿದು ಕಡಿದರು. ಸಾವಿನ ಮನೆಯಲ್ಲಿಯೂ ‘ಆ ಮಿಡಿಮರ ಬೇಡ, ತೋಡಿನ ಬದಿಯ ಹುಳಿಮಾವು ತೆಗೆಯಿರಿ’ ಎಂದು ಹೇಳುವ ಒಬ್ಬ ಅಜ್ಜಿಯೋ ದೊಡ್ಡಪ್ಪನೋ ಇರುತ್ತಿದ್ದರು. ಈಗ ಉಳಿದಿರುವುದು ರೂಢಿ ಮಾತ್ರ, ಅಜ್ಜಿಯಿಲ್ಲ. ರೂಢಿಯ ಅರ್ಧವನ್ನು ಹಿಡಿದುಕೊಂಡು ಇನ್ನರ್ಧವನ್ನು ಬಿಟ್ಟುಕೊಟ್ಟವರು ಹಿರಿಯರ ಹೆಸರೆತ್ತದಿರುವುದು ಒಳ್ಳೆಯದು. ನಾಗಬನಗಳ ಗತಿಯೂ ಇದೇ ಆಯಿತು. ಹಾವಿನ ಹೆದರಿಕೆಯಿಂದಲಾದರೂ ಮರಗಳು ಬದುಕಿದ್ದ ಜಾಗದಲ್ಲಿ ಈಗ ಗ್ರಾನೈಟಿನ ಕಟ್ಟೆ, ಇಂಟರ್‌ಲಾಕಿನ ಅಂಗಳ. ಬನವಿಲ್ಲದ ನಾಗಬನ!

ವನಮಹೋತ್ಸವದವರ ಬಗೆಗೆ ಮಾತಾಡಲು ನನಗೆ ಸ್ವಲ್ಪ ಸಂಕೋಚ. ಒಳ್ಳೆಯ ಮನಸ್ಸಿನ ಜನ ಅವರು. 1950ರಲ್ಲಿ ಮುನ್ಷಿಯವರು ಅದನ್ನು ಪ್ರಾರಂಭ ಮಾಡಿದಂದಿನಿಂದ ಪ್ರತಿ ವರ್ಷ ಮಳೆಗಾಲದಲ್ಲಿ ಶಾಲೆಯ ಮಕ್ಕಳ ಕೈಯಲ್ಲಿ ಸಸಿ ಕೊಟ್ಟು ಹೊಂಡಕ್ಕೆ ಇಳಿಸುತ್ತೇವೆ, ಚಿತ್ರ ತೆಗೆಸಿಕೊಳ್ಳುತ್ತೇವೆ. ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಎಂಬ ಲೆಕ್ಕಾಚಾರವೂ ಈ ಹಬ್ಬದ ಸಂತಾನವೇ. ಹತ್ತು ಸಸಿ ಎಂದರೆ ಯಾವ ಹತ್ತು? ಇಲಾಖೆಯ ನರ್ಸರಿಯಲ್ಲಿ ಆ ವರ್ಷ ಮಿಕ್ಕಿದ್ದ ಹತ್ತು. ಅಜ್ಜನನ್ನು ಕಳೆದುಕೊಂಡವನಿಗೆ ಹತ್ತು ತೊಟ್ಟಿಲು ಕೊಟ್ಟು ಸಮಾಧಾನ ಹೇಳಿದ ಹಾಗಾಯಿತು. ತೊಟ್ಟಿಲು ಬೇಕು. ಅಜ್ಜನ ಲೆಕ್ಕಕ್ಕೆ ಅದನ್ನು ಜಮಾ ಮಾಡಬಾರದು ಅಷ್ಟೆ.

ಕಾಯಿದೆಗಳ ಕೊರತೆ ನಮಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಊರಿನ ಗಿಡ, ಮರ, ತಳಿಗಳನ್ನೆಲ್ಲ ಊರವರ ಬಾಯಿಂದ ಕೇಳಿ ಒಂದು ಜನತಾ ದಾಖಲೆಯಲ್ಲಿ ಬರೆದಿಡತಕ್ಕದ್ದು. ಅಂದರೆ ಆ ವೃದ್ಧೆಯ ತಲೆಯಲ್ಲಿದ್ದುದು ಪುಸ್ತಕಕ್ಕೆ ಬರುವುದಕ್ಕೆ ಬೇಕಾದ ಕಾನೂನು ಎರಡು ದಶಕಗಳಿಂದ ನಮ್ಮ ಕೈಯಲ್ಲಿದೆ. ಆದದ್ದೇನು? ದೇಶದಲ್ಲೆಲ್ಲ ಕೆಲಸ ಹಿಂದೆ ಬಿದ್ದಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸಿಟ್ಟಿಗೆದ್ದು, 2020ರ ಜನವರಿ ಮುಗಿಯುವುದರೊಳಗೆ ದಾಖಲೆ ಪೂರ್ತಿಯಾಗದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದು ಆಜ್ಞೆ ಮಾಡಿತು. ಬೆನ್ನ ಮೇಲೆ ದಂಡದ ಕೋಲಿಟ್ಟುಕೊಂಡು ಬರೆದ ದಾಖಲೆ ಹೇಗಿದ್ದೀತೆಂಬುದನ್ನು ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸು ಬರೆದ ಯಾರೂ ಊಹಿಸಬಲ್ಲರು. ನಿಮ್ಮ ಪಂಚಾಯತಿಗೆ ಹೋಗಿ, ಕೇಳಿ ತೆಗೆಸಿ ನೋಡಿ. ನಿಮ್ಮ ಊರಿನ ಒಂದಾದರೂ ಮರದ ಮನೆಹೆಸರು ಅದರಲ್ಲಿದ್ದರೆ ಆ ಸಮಿತಿಗೆ ನನ್ನ ದೀರ್ಘದಂಡ ನಮಸ್ಕಾರ. ‘ಮಾವು’ ಎಂದಷ್ಟೇ ಇದ್ದರೆ ಅದು ರಸ್ತೆಯವರ ಪಟ್ಟಿಯ ಇನ್ನೊಂದು ಪ್ರತಿ.

ಇದೇ ಕಾಯಿದೆಯ ಬಲದಿಂದ 2007ರಲ್ಲಿ ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಿಸೆ ತೋಪು ಜೀವವೈವಿಧ್ಯ ಪಾರಂಪರಿಕ ತಾಣವಾಯಿತು—ಭಾರತದಲ್ಲಿಯೇ ಮೊದಲನೆಯದು. 50ಕ್ಕೂ ಹೆಚ್ಚು ಎಕರೆ ನೆಲ, 300ರಷ್ಟು ಮುದಿ ಹುಣಿಸೆಗಳು. ದೇಶದ ಪ್ರಪ್ರಥಮ ತಾಣವೆಂದು ಆರಿಸಿದ್ದು ಹುಲಿಯ ಕಾಡನ್ನಲ್ಲ, ಸರೋವರವನ್ನಲ್ಲ, ಹಣ್ಣಿನ ಮರಗಳ ಒಂದು ಹಳೆಯ ತೋಪನ್ನು ಎಂಬುದನ್ನು ಕನ್ನಡಿಗರಲ್ಲಿ ಎಷ್ಟು ಮಂದಿ ಅರಿತಿದ್ದಾರೆ? ವಿಮಾನ ನಿಲ್ದಾಣದ ದಾರಿಯಲ್ಲಿ ಹೋಗುವ ನಮ್ಮ ಮುಂಬಯಿ, ದುಬೈಗಳ ಮಂದಿ ಕಾರು ತಿರುಗಿಸಿ ಅರ್ಧ ಗಂಟೆ ಅಲ್ಲಿ ನಿಂತು ಬರಲಿ. ನಮ್ಮಲ್ಲಿ ನಲ್ಲೂರಿನಂಥ ಒಂದೇ ದೊಡ್ಡ ತೋಪಿಲ್ಲ ನಿಜ. ನಮ್ಮ ತೋಪು ಚೆದರಿದ ತೋಪು. ಅಮಾಸೆಬೈಲಿನ ಒಂದು ಹಿತ್ತಿಲಿನಲ್ಲಿ ಎರಡು ಮರ, ಉಪ್ಪುಂದದಲ್ಲೊಂದು, ಬಾರಕೂರಿನ ಹಾಳು ಅಂಗಳದಲ್ಲಿ ಮೂರು. ಬೇಲಿ ಹಾಕಿ ಫಲಕ ನಿಲ್ಲಿಸುವುದಕ್ಕೆ ಬಾರದ ತೋಪು. ಇದನ್ನು ಕಾಯುವುದಕ್ಕೆ ಬೇಲಿಯ ಬದಲು ಪುಸ್ತಕ ಬೇಕು.

ಪುಸ್ತಕ ಎಂದಾಗ ನಗಬೇಡಿ. ಅಮೆರಿಕೆಯ ಕೃಷಿ ಇಲಾಖೆ 1886ರಿಂದ 1942ರ ವರೆಗೆ ಚಿತ್ರಕಾರರಿಗೆ, ಅವರಲ್ಲಿ ಹಲವರು ಹೆಂಗಸರು, ಸಂಬಳ ಕೊಟ್ಟು ಹಣ್ಣುಗಳ ಸುಮಾರು 7,500 ಜಲವರ್ಣ ಚಿತ್ರಗಳನ್ನು ಬರೆಯಿಸಿತು. ಹಣ್ಣಿನ ಹೊರಮೈ, ಅಡ್ಡ ಕೊಯ್ದ ಒಳಮೈ, ಕೊಳೆತ ಮಚ್ಚೆ ಸಹ. ಕಳೆದುಹೋದ ಸೇಬಿನ ಮರಗಳನ್ನು ಹಾಳು ತೋಟಗಳಲ್ಲಿ ಹುಡುಕುವವರು ಇಂದಿಗೂ ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಹಣ್ಣಿನ ಗುರುತು ಹಿಡಿಯುತ್ತಾರೆ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಬ್ರಾಗ್‌ಡೇಲಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಸೇಬಿನ ತಳಿಗಳನ್ನು ಹೆಸರು ಸಹಿತ ಸಾಲುಸಾಲಾಗಿ ಬೆಳೆಸಿಟ್ಟಿದ್ದಾರೆ. ದೂರದ ಮಾತು ಬೇಡವೆಂದರೆ ನಮ್ಮ ದಾರಿಯಲ್ಲಿಯೇ ನಡೆದು ಹೋದವನನ್ನು ನೆನೆಯೋಣ. 1801ರಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಹೋದಲ್ಲೆಲ್ಲ ನೆಲ, ಬೆಳೆ, ಗೇಣಿಗಳ ಮಾತೆತ್ತಿ ಕೇಳಿದ್ದನ್ನು ಬರೆದುಕೊಂಡ. ಕಂಪೆನಿಯ ಲಾಭಕ್ಕಾಗಿಯೇ ಬರೆದ, ಅದರಲ್ಲಿ ಸಂಶಯವಿಲ್ಲ. ಆದರೆ ಕೇಳಿದ. ನಾವು ಮನೆಯವರನ್ನೇ ಕೇಳಲಿಲ್ಲ.

ಬರೆದಿಡುವ ವಿದ್ಯೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಕೋಟದ ಶಿವರಾಮ ಕಾರಂತರು ಯಕ್ಷಗಾನವನ್ನು ಊರೂರು ಅಲೆದು ಅರಸಿ ‘ಯಕ್ಷಗಾನ ಬಯಲಾಟ’ ಬರೆದರು. ಹೋಗಲಿ ಬಿಡಿ ಎಂದು ಎಲ್ಲರೂ ಕೈಬಿಟ್ಟಿದ್ದ ಕಾಲದಲ್ಲಿ ಬರೆದರು. ಈಗ ಕೆಲವು ವರ್ಷಗಳಿಂದ ಆಷಾಢದ ಅಮಾವಾಸ್ಯೆಯಂದು ಕುಂದಾಪ್ರ ಕನ್ನಡದ ದಿನವನ್ನು ಆಚರಿಸುತ್ತೇವೆ. ಬೆಂಗಳೂರಿನಲ್ಲಿಯೂ ಸಭೆಗಳಾಗುತ್ತವೆ, ‘ಹ್ವಾಯ್’ ಎಂದು ಒಬ್ಬರನ್ನೊಬ್ಬರು ಕರೆದು ಸಂತೋಷಪಡುತ್ತೇವೆ, ಹಳೆಯ ಶಬ್ದಗಳ ಪಟ್ಟಿ ಮಾಡುತ್ತೇವೆ. ನನಗೂ ಸಂತೋಷವೇ. ಒಂದು ಪ್ರಶ್ನೆ ಮಾತ್ರ: ಆ ಶಬ್ದಗಳಲ್ಲಿ ಮರಗಳ ಹೆಸರುಗಳೆಷ್ಟು? ಹಲಸಿನ ಹಣ್ಣಿನ ಕಡುಬಿನ ಮೇಲೆ ಕವಿತೆ ಓದಿದವರು, ಆ ಕಡುಬಿಗೆ ಯಾವ ಮರದ ಹಣ್ಣು ಒಳ್ಳೆಯದೆಂದು ತಮ್ಮ ತಾಯಿಯನ್ನು ಕೇಳಿಟ್ಟುಕೊಂಡಿದ್ದಾರೆಯೆ? ವಾಟೆಹುಳಿ, ಅಮಟೆ, ಮುರುಗಲ, ದಾರೆಹುಳಿ, ಜೀಗುಜ್ಜೆ, ಹೆಬ್ಬಲಸು ಇವುಗಳ ಸುದ್ದಿಯನ್ನೇ ನಾನು ಎತ್ತಿಲ್ಲ. ಅದಕ್ಕೆ ಇನ್ನೊಂದು ಭಾನುವಾರ ಬೇಕು.

ಈ ಲೇಖನವನ್ನು ಪಟ್ಟಣದಲ್ಲಿ ಓದುತ್ತಿರುವ ಕರಾವಳಿಯ ಮಹನೀಯರೇ, ಇದು ನಿಮಗಾಗಿಯೇ ಬರೆದದ್ದು. ಊರಿನಲ್ಲಿ ಉಳಿದ ರೈತನನ್ನು ಬೈದು ಪ್ರಯೋಜನವಿಲ್ಲ; ಅವನು ಅಡಕೆ, ರಬ್ಬರು ಎಂದು ಹೊಟ್ಟೆಪಾಡಿಗೆ ಹೆಣಗುತ್ತಿದ್ದಾನೆ. ಬೀಗ ಹಾಕಿದ ಮನೆಗಳು ನಿಮ್ಮವು. ಆ ಹಿತ್ತಿಲುಗಳ ಮರಗಳಿಗೆ ದೂರವಾಣಿಯಲ್ಲಿ ಬೆಲೆ ಹೇಳುವವರು ನೀವು. ಅಂಗಡಿಯಲ್ಲಿ ಶೀಶೆಯ ಮೇಲೆ ‘ಮಿಡಿ’ ಎಂದು ಕಂಡ ಕೂಡಲೇ ಕಣ್ಣು ಒದ್ದೆ ಮಾಡಿಕೊಂಡು ದುಡ್ಡು ಕೊಡುವವರೂ ನೀವೇ. ಎಲ್ಲ ಮರಗಳನ್ನೂ ಉಳಿಸಿ ಎಂದು ನಾನು ಕೇಳುತ್ತಿಲ್ಲ. ಮಾಡಿನ ಮೇಲೆ ಬಾಗಿದ್ದು ಹೋಗಲಿ, ಗೆದ್ದಲು ತಿಂದದ್ದು ಹೋಗಲಿ. ಹೋಗುವ ಮುಂಚೆ ಅದು ಯಾರೆಂದು ಬರೆದಿಟ್ಟು, ಒಂದು ಹಿಡಿ ಕಡ್ಡಿ ತೆಗೆದಿಟ್ಟು ಕಳುಹಿಸಿರಿ ಎನ್ನುತ್ತಿದ್ದೇನೆ.

ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ, ಮೂರು ತಾಲೂಕಿನಿಂದಲೂ ಬಸ್ಸಿನ ದಾರಿ. ಅದರ ನೆಲದ ಒಂದು ಮೂಲೆಯಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಿಡಿಮಾವು, ಹಲಸುಗಳ ಒಂದು ತೋಪು ಏಳಬೇಕು; ಪ್ರತಿ ಗಿಡದ ಬುಡದಲ್ಲಿ ತಾಯಿಮರದ ಹೆಸರು, ಊರು, ಮನೆ. ಸರಕಾರವೇ ಮಾಡಲಿ ಎಂದು ಕಾಯುವುದೂ ಬೇಡ. ಕುಂದಾಪುರದ ಹೋಟೆಲು ಉದ್ಯಮಿಗಳು ದೇವಸ್ಥಾನದ ಗೋಪುರಕ್ಕೆ ಕೊಡುವ ದೇಣಿಗೆಯಲ್ಲಿ ಒಂದು ಸಣ್ಣ ಪಾಲು ಇದಕ್ಕೆ ಸಾಕು. ಕಾಲೇಜುಗಳ ಸಸ್ಯಶಾಸ್ತ್ರದ ಹುಡುಗರು ಪ್ರಾಜೆಕ್ಟು ಎಂದು ಯಾವುದೋ ಪುಸ್ತಕದಿಂದ ಎತ್ತಿ ಬರೆಯುವ ಬದಲು ತಲಾ ಹತ್ತು ಮನೆ ಸುತ್ತಲಿ. 2001ರ ಸಸ್ಯತಳಿ ಕಾಯಿದೆಯಂತೆ ರೈತನ ಹೆಸರಿನಲ್ಲಿಯೇ ತಳಿಯನ್ನು ನೋಂದಾಯಿಸಲು ಅವಕಾಶವುಂಟು. ನಾಳೆ ಅದು ‘ಸಿದ್ದು’ವಿನಂತೆ ಹೆಸರು ಮಾಡಿದರೆ ಮನೆಯವರಿಗೂ ಪಾಲು ಉಂಟು.

ಬರೆಯಬೇಕಾದದ್ದು ಬಹಳವಿಲ್ಲ. ಮರದ ಹೆಸರು, ಆ ಹೆಸರು ಯಾಕೆ ಬಂತು, ಯಾರು ನೆಟ್ಟರು ಅಥವಾ ತಾನಾಗಿ ಎದ್ದಿತೋ, ಎದೆಮಟ್ಟದಲ್ಲಿ ಸುತ್ತಳತೆ ಎಷ್ಟು, ಮಿಡಿ ಯಾವ ತಿಂಗಳಲ್ಲಿ, ಹಣ್ಣು ಯಾವಾಗ, ಸೊನೆಯ ವಾಸನೆ ಏನು, ಅಡಿಗೆಯಲ್ಲಿ ಯಾವುದಕ್ಕೆ. ಹಣ್ಣನ್ನು ಉದ್ದಕ್ಕೆ ಕೊಯ್ದು, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಬೇಕು. ಎಲ್ಲಕ್ಕಿಂತ ಮುಂಚೆ ಮನೆಯ ಹಿರಿಯ ಹೆಂಗಸನ್ನು ಮಾತಾಡಿಸಬೇಕು; ಗಂಡಸರಿಗೆ ನಾಟಾದ ಲೆಕ್ಕ ಗೊತ್ತಿರುತ್ತದೆ, ಮಿಡಿಯ ಲೆಕ್ಕ ಗೊತ್ತಿರುವುದಿಲ್ಲ. ಬೇಸಗೆಯ ರಜೆಯಲ್ಲಿ ಊರಿಗೆ ಬಂದಾಗಲೇ ಇದಾಗಬೇಕು, ಆಗ ಮರದಲ್ಲಿ ಕಾಯಿಯಿರುತ್ತದೆ, ಅಜ್ಜಿಯೂ ಜಗಲಿಯಲ್ಲಿರುತ್ತಾರೆ. ಕಸಿ ಕಟ್ಟುವುದಕ್ಕೆ ಮಳೆಗಾಲದ ಮೊದಲ ತಿಂಗಳುಗಳು ಒಳ್ಳೆಯವು. ಎಳೆಯ ಗೊರಟುಸಸಿಯ ಮೇಲೆ ಕಟ್ಟುವ ಕಸಿ ನಮ್ಮ ಕರಾವಳಿಯ ತೇವದಲ್ಲಿ ಚೆನ್ನಾಗಿ ಹಿಡಿಯುತ್ತದೆ. ಮುದಿಮರದಲ್ಲಿ ಒಳ್ಳೆಯ ಕಡ್ಡಿ ಸಿಗದಿದ್ದರೆ ಮೊದಲು ಒಂದು ಕೊಂಬೆಯನ್ನು ಸವರಿ, ಹೊಸ ಚಿಗುರು ಬಂದು ಬಲಿಯುವ ತನಕ ಕಾಯಬೇಕು. ಕೊಯ್ದ ಕಡ್ಡಿಯ ಎಲೆಗಳನ್ನು ತೊಟ್ಟು ಉಳಿಯುವಂತೆ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ಕು ಕಟ್ಟಿದರೆ ಎರಡು ದಿವಸ ಕೆಡುವುದಿಲ್ಲ. ಅಷ್ಟರಲ್ಲಿ ಶಿರೂರಿನಿಂದಲೂ ಬ್ರಹ್ಮಾವರಕ್ಕೆ ತಲುಪಿಸಬಹುದು. ಮರದ ಹೆಸರು ಬರೆದ ಚೀಟಿಯನ್ನು ಕಟ್ಟಿನೊಳಗೇ ಇಡಿರಿ, ಪೆನ್ಸಿಲಿನಲ್ಲಿ ಬರೆದು. ಶಾಯಿ ಒದ್ದೆಗೆ ಹರಡುತ್ತದೆ.